ದೋಣಿ ಎಳೆಯುವ ವಾಹನಗಳಲ್ಲಿ ಎಂಜಿನ್ ಅತಿತಾಪ

ಎಂಜಿನ್ ಅತಿತಾಪ ಅಥವಾ ಓವರ್‌ಹೀಟಿಂಗ್ ಎಂದರೆ, ಎಂಜಿನ್ನಿನಲ್ಲಿ ಹುಟ್ಟುವ ಶಾಖವನ್ನು ಅದರ ತಂಪುಗೊಳಿಸುವ ವ್ಯವಸ್ಥೆಯು ಹೊರಹಾಕಲಾರದೆ ಉಷ್ಣಾಂಶವು ಸುರಕ್ಷಿತ ಮಿತಿಯನ್ನು ಮೀರುವ ಸ್ಥಿತಿ. ಸಣ್ಣ ಎಸ್‌ಯುವಿ ವಾಹನಗಳು ಟ್ರೈಲರಿನ ಮೇಲೆ ದೋಣಿಯನ್ನು ಹೇರಿಕೊಂಡು ಎಳೆಯುವಾಗ, ಅದರಲ್ಲೂ ಬೇಸಿಗೆಯಲ್ಲಿ ದೀರ್ಘವಾದ ಏರುದಾರಿಯನ್ನು ಹತ್ತುವಾಗ, ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ವಿರಾಮದ ದಿನಗಳಲ್ಲಿ ಸ್ವಂತ ದೋಣಿಯನ್ನು ಕೆರೆ, ಸರೋವರ ಅಥವಾ ಕಡಲತೀರಕ್ಕೆ ಒಯ್ಯುವ ರೂಢಿಯಿರುವ ಅಮೆರಿಕ ಸಂಯುಕ್ತ ಸಂಸ್ಥಾನ, ಆಸ್ಟ್ರೇಲಿಯ ಮತ್ತು ಯುರೋಪಿನ ದೇಶಗಳಲ್ಲಿ ಇದು ಪರಿಚಿತವಾದ ಸಮಸ್ಯೆ. ಎಳೆಯುವ ತೂಕ ಮತ್ತು ಏರಿನಲ್ಲಿ ಚಲಿಸುವ ವೇಗ, ಇವೆರಡನ್ನೂ ಹಿಡಿತದಲ್ಲಿಡುವುದೇ ಇದರ ಮುಖ್ಯ ಪರಿಹಾರವಾಗಿದೆ.

ಶಾಖದ ಮೂಲ

ಇಂಧನ ಉರಿದಾಗ ದೊರೆಯುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಸುಮಾರು ಅಷ್ಟೇ ಭಾಗ ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲನ್ನು ಕೂಲಂಟ್ ದ್ರವವು ರೇಡಿಯೇಟರಿಗೆ ಒಯ್ಯಬೇಕು. ಆದುದರಿಂದ ಎಂಜಿನ್ ಮಾಡುವ ಕೆಲಸ ಹೆಚ್ಚಿದಂತೆಲ್ಲ ರೇಡಿಯೇಟರಿನ ಹೊರೆಯೂ ಹೆಚ್ಚುತ್ತದೆ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1,600 ಕಿಲೋಗ್ರಾಂ ತೂಕದ ವಾಹನವು ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹತ್ತುವಾಗ, ತನ್ನ ಭಾರವನ್ನು ಮೇಲೆತ್ತಲು ಸುಮಾರು 13 ಕಿಲೋವ್ಯಾಟ್ ಸಾಮರ್ಥ್ಯ ಬೇಕು. ಅದಕ್ಕೆ 1,200 ಕಿಲೋಗ್ರಾಂ ತೂಕದ ದೋಣಿ ಮತ್ತು ಟ್ರೈಲರನ್ನು ಜೋಡಿಸಿದರೆ ಈ ಅಗತ್ಯವು ಸುಮಾರು 23 ಕಿಲೋವ್ಯಾಟಿಗೆ ಏರುತ್ತದೆ. ಅದೇ ಹೊರೆಯನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎಳೆದರೆ ಸುಮಾರು 15 ಕಿಲೋವ್ಯಾಟ್ ಸಾಕು. ಗಾಳಿಯ ತಡೆಯನ್ನು ಎದುರಿಸಲು ಬೇಕಾಗುವ ಸಾಮರ್ಥ್ಯವು ಇದಕ್ಕೆ ಹೊರತಾದುದು. ಅದು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗವನ್ನು ತಗ್ಗಿಸಿದರೆ ಎರಡು ಬಗೆಯಲ್ಲಿ ಲಾಭವಾಗುತ್ತದೆ.

ಸಣ್ಣ ವಾಹನಗಳ ಮಿತಿ

ಸಣ್ಣ ಎಸ್‌ಯುವಿಗಳ ರೇಡಿಯೇಟರ್ ಮತ್ತು ಫ್ಯಾನ್‌ಗಳು ಸಾಮಾನ್ಯವಾಗಿ ಪ್ರಯಾಣಿಕರನ್ನು ಒಯ್ಯುವ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡಿರುತ್ತವೆ. ಹವಾನಿಯಂತ್ರಕದ ಕಂಡೆನ್ಸರ್ ರೇಡಿಯೇಟರಿನ ಮುಂದೆ ಇರುವುದರಿಂದ, ಅದನ್ನು ಹಾದು ಬರುವ ಗಾಳಿ ರೇಡಿಯೇಟರನ್ನು ತಲುಪುವ ಮೊದಲೇ ಬಿಸಿಯಾಗಿರುತ್ತದೆ. ಸ್ವಯಂಚಾಲಿತ ಗೇರ್‌ಬಾಕ್ಸ್ ಇರುವ ಅನೇಕ ವಾಹನಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆಯ ಶಾಖವೂ ಇದೇ ಕೂಲಂಟಿಗೆ ಸೇರುತ್ತದೆ. ಸಿವಿಟಿ ಗೇರ್‌ಬಾಕ್ಸ್ ಇರುವ ಕೆಲವು ವಾಹನಗಳು ಎಣ್ಣೆ ಮಿತಿಮೀರಿ ಬಿಸಿಯಾದಾಗ ಎಂಜಿನ್ನಿನ ಸಾಮರ್ಥ್ಯವನ್ನು ತಾವಾಗಿಯೇ ಕಡಿಮೆ ಮಾಡುತ್ತವೆ. ಒಂದೇ ಮಾದರಿಯಲ್ಲಿಯೂ ಎಂಜಿನ್, ಗೇರ್‌ಬಾಕ್ಸ್ ಮತ್ತು ಹೆಚ್ಚುವರಿ ಕೂಲರಿನ ಸೌಲಭ್ಯಕ್ಕೆ ಅನುಸಾರವಾಗಿ ಎಳೆಯುವ ಮಿತಿ ಬೇರೆಬೇರೆಯಾಗಿರಬಹುದು.

ಮಿತಿಯನ್ನು ಪರೀಕ್ಷಿಸುವ ಬಗೆ

ಅಮೆರಿಕದಲ್ಲಿ ವಾಹನಗಳ ಎಳೆಯುವ ಸಾಮರ್ಥ್ಯವನ್ನು ನಿರ್ಧರಿಸಲು ಎಸ್‌ಎಇ ಜೆ2807 ಎಂಬ ಮಾನದಂಡವಿದೆ. ಇದರ ಪರೀಕ್ಷೆಗಳಲ್ಲಿ ಒಂದು ಅರಿಜೋನ ರಾಜ್ಯದ ಡೇವಿಸ್ ಡ್ಯಾಮ್ ಏರನ್ನು ಆಧರಿಸಿದೆ. ಬುಲ್‌ಹೆಡ್ ಸಿಟಿಯ ಬಳಿ ಕೊಲರಾಡೊ ನದಿಯ ಕಣಿವೆಯಿಂದ ಹೊರಡುವ ಈ ರಸ್ತೆ ಸುಮಾರು 18 ಕಿಲೋಮೀಟರ್ ದೂರದಲ್ಲಿ ಸುಮಾರು 900 ಮೀಟರ್ ಎತ್ತರವನ್ನು ಏರುತ್ತದೆ. ಹೊರಗಿನ ಉಷ್ಣಾಂಶ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಇರುವಾಗ, ಹವಾನಿಯಂತ್ರಕವನ್ನು ಪೂರ್ಣವಾಗಿ ಚಾಲೂ ಇಟ್ಟು, ನಿಗದಿತ ವೇಗಕ್ಕಿಂತ ಕೆಳಗಿಳಿಯದೆ, ಎಂಜಿನ್ ಅತಿತಾಪಕ್ಕೆ ಒಳಗಾಗದಂತೆ ವಾಹನವು ಏರನ್ನು ಮುಗಿಸಬೇಕು.

ಯುರೋಪಿನ ನಿಯಮದಂತೆ, ಟ್ರೈಲರ್ ಜೋಡಿಸಿದ ವಾಹನವು ಶೇಕಡ 12ರ ಏರಿನಲ್ಲಿ ಐದು ನಿಮಿಷಗಳೊಳಗೆ ಐದು ಬಾರಿ ನಿಂತಲ್ಲಿಂದ ಹೊರಡಲು ಶಕ್ತವಾಗಿರಬೇಕು. ಇದು ಮುಖ್ಯವಾಗಿ ಹೊರಡುವ ಶಕ್ತಿಯ ಪರೀಕ್ಷೆಯಾದುದರಿಂದ, ಎರಡು ಕಡೆಯ ಮಿತಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗಿರುವುದರಿಂದ, ಪ್ರತಿ 1,000 ಮೀಟರಿಗೆ ಶೇಕಡ 10ರಷ್ಟು ತೂಕವನ್ನು ಇಳಿಸಬೇಕೆಂದು ಅನೇಕ ತಯಾರಕರು ಕೈಪಿಡಿಗಳಲ್ಲಿ ಸೂಚಿಸುತ್ತಾರೆ.

ಪ್ರಯಾಣಕ್ಕೆ ಮುನ್ನ

ದೋಣಿಯ ತೂಕವನ್ನು ಕಡಿಮೆ ಅಂದಾಜು ಮಾಡುವುದು ಸಾಮಾನ್ಯ. ಮಾರಾಟದ ವಿವರಗಳಲ್ಲಿ ಬರಿಯ ದೋಣಿಯ ತೂಕವಷ್ಟೇ ಇದ್ದು, ಟ್ರೈಲರ್, ದೋಣಿಯ ಎಂಜಿನ್, ಬ್ಯಾಟರಿ, ಲಂಗರು ಮತ್ತು ಇಂಧನ ಅದರಲ್ಲಿ ಸೇರದಿರಬಹುದು. ನೂರು ಲೀಟರ್ ಪೆಟ್ರೋಲ್ ಸುಮಾರು 75 ಕಿಲೋಗ್ರಾಂ ತೂಗುತ್ತದೆ. ದೋಣಿಯ ತಳದಲ್ಲಿ ಉಳಿದ ನೀರು ಲೀಟರಿಗೆ ಒಂದು ಕಿಲೋಗ್ರಾಮಿನಂತೆ ಹೊರೆಯನ್ನು ಹೆಚ್ಚಿಸುತ್ತದೆ. ಜೀಬ್ರಾ ಚಿಪ್ಪುಜೀವಿಯಂತಹ ಹೊರಗಿನ ಜೀವಿಗಳು ಹರಡದಂತೆ ತಡೆಯಲು, ಸಾಗಿಸುವಾಗ ದೋಣಿಯ ತಳದ ಬಿರಡೆಯನ್ನು ತೆಗೆದಿರಬೇಕೆಂಬ ಕಾನೂನು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದೆ. ಇದರಿಂದ ತೂಕವೂ ಇಳಿಯುತ್ತದೆ. ಎಲ್ಲವನ್ನೂ ಹೇರಿದ ಮೇಲೆ ತೂಕಸೇತುವೆಯಲ್ಲಿ ತೂಗಿಸುವುದು ನಂಬಲರ್ಹವಾದ ಕ್ರಮ.

ಕೂಲಂಟಿನಲ್ಲಿ ಗ್ಲೈಕಾಲ್ ಮತ್ತು ನೀರು ಸಾಮಾನ್ಯವಾಗಿ ಸಮಪ್ರಮಾಣದಲ್ಲಿರುತ್ತವೆ. ಗ್ಲೈಕಾಲ್ ಹೆಚ್ಚಾದಷ್ಟೂ ತಂಪು ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಶಾಖವನ್ನು ಒಯ್ಯುವುದರಲ್ಲಿ ನೀರೇ ಮೇಲು. ಗ್ಲೈಕಾಲ್ ಕುದಿಯುವ ಬಿಂದುವನ್ನು ಏರಿಸುತ್ತದೆ, ಅದರೊಡನೆ ಬೆರೆತ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಸಮಪ್ರಮಾಣದ ಮಿಶ್ರಣವು ಬಯಲಿನಲ್ಲಿ ಸುಮಾರು 107 ಡಿಗ್ರಿಯಲ್ಲಿ ಕುದಿದರೆ, ಒಂದು ಬಾರ್ ಒತ್ತಡವನ್ನು ಹಿಡಿದಿಡುವ ಮುಚ್ಚಳವಿದ್ದಾಗ ಸುಮಾರು 129 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದಕಾರಣ ಸಡಿಲವಾದ ಮುಚ್ಚಳವೊಂದೇ ಅತಿತಾಪಕ್ಕೆ ಕಾರಣವಾಗಬಲ್ಲದು. ರೇಡಿಯೇಟರಿನ ರೆಕ್ಕೆಗಳಲ್ಲಿ ಸೇರಿದ ಕೀಟ ಮತ್ತು ಕೆಸರು, ಬಿರುಕುಬಿಟ್ಟ ಹೋಸ್, ಸವೆದ ಬೆಲ್ಟ್, ತಿರುಗದ ಫ್ಯಾನ್ ಇವುಗಳನ್ನೂ ಪರಿಶೀಲಿಸಬೇಕು. ನೀರಿನಲ್ಲಿ ಮುಳುಗುವ ಟ್ರೈಲರಿನ ಚಕ್ರಗಳ ಬೇರಿಂಗ್‌ಗಳು ತುಕ್ಕು ಹಿಡಿದು ಬಿಗಿಯಾದರೆ ಅಥವಾ ಬ್ರೇಕ್ ಸಿಕ್ಕಿಕೊಂಡರೆ, ಎಂಜಿನ್ನಿನ ಕೆಲಸ ಹೆಚ್ಚುತ್ತದೆ.

ಚಾಲನೆಯ ಕ್ರಮ

ಏರು ಆರಂಭವಾಗುವ ಮೊದಲೇ ವೇಗವನ್ನು ತಗ್ಗಿಸಿ ಕೆಳಗಿನ ಗೇರಿಗೆ ಬರುವುದು ಉಚಿತ. ಕೆಳಗಿನ ಗೇರಿನಲ್ಲಿ ಎಂಜಿನ್ ಏದುಸಿರು ಬಿಡದೆ ತಿರುಗುತ್ತದೆ. ಎಂಜಿನ್ನಿಗೆ ಜೋಡಿಸಿದ ವಾಟರ್ ಪಂಪ್ ಕೂಡ ವೇಗವಾಗಿ ತಿರುಗಿ ಹೆಚ್ಚು ಕೂಲಂಟನ್ನು ಹರಿಸುತ್ತದೆ. ಹವಾನಿಯಂತ್ರಕವನ್ನು ನಿಲ್ಲಿಸುವುದರಿಂದ ಎಂಜಿನ್ ಮತ್ತು ರೇಡಿಯೇಟರ್ ಎರಡರ ಹೊರೆಯೂ ಇಳಿಯುತ್ತದೆ. ದೋಣಿಯನ್ನು ನೀರಿನಿಂದ ಮೇಲಕ್ಕೆಳೆಯುವ ಇಳಿಜಾರು ಕಟ್ಟೆಯಲ್ಲಿ ಚಲನೆಯಿಂದ ದೊರೆಯುವ ಗಾಳಿ ಇರುವುದಿಲ್ಲವಾದ್ದರಿಂದ, ಅಲ್ಲಿ ತಂಪು ಬಹುಮಟ್ಟಿಗೆ ಫ್ಯಾನಿನಿಂದಲೇ ದೊರೆಯಬೇಕು.

ಉಷ್ಣಾಂಶ ಏರಿದಾಗ

ಇಂದಿನ ಅನೇಕ ವಾಹನಗಳಲ್ಲಿ ಮಾಪಕದ ಮುಳ್ಳು ಬಹಳ ಹೊತ್ತು ನಡುವಿನಲ್ಲಿಯೇ ನಿಂತು ಅನಂತರ ತಟ್ಟನೆ ಏರುವಂತೆ ಹೊಂದಿಸಲಾಗಿರುತ್ತದೆ. ಆದುದರಿಂದ ಮುಳ್ಳು ನಡುವಿನಿಂದ ಕದಲಿದಾಗಲೇ ಎಚ್ಚರ ವಹಿಸಬೇಕು. ವೇಗವನ್ನು ಇಳಿಸಿ, ಹವಾನಿಯಂತ್ರಕವನ್ನು ನಿಲ್ಲಿಸಿ, ವಾಹನದೊಳಗಿನ ಹೀಟರನ್ನು ಪೂರ್ಣವಾಗಿ ಹಾಕಿದರೆ ಸ್ವಲ್ಪ ಶಾಖ ಆ ದಾರಿಯಿಂದಲೂ ಹೊರಹೋಗುತ್ತದೆ. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದರೆ ಅಥವಾ ಆವಿ ಕಂಡುಬಂದರೆ, ರಸ್ತೆಯಂಚಿನ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು.

ಎಂಜಿನ್ ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡ ಇಳಿದೊಡನೆ ಕುದಿಯುವ ದ್ರವವು ಚಿಮ್ಮಿ ಮುಖ ಮತ್ತು ಕೈಗಳಿಗೆ ತೀವ್ರವಾದ ಸುಟ್ಟಗಾಯಗಳಾಗುತ್ತವೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕುಬಿಡಬಹುದು. ಎಂಜಿನ್ ಪೂರ್ತಿಯಾಗಿ ಆರಿದ ಮೇಲೆಯೇ ಕೂಲಂಟನ್ನು ತುಂಬಬೇಕು.

ಪರಿಣಾಮಗಳು

ಎಚ್ಚರಿಕೆಯನ್ನು ಕಡೆಗಣಿಸಿ ಮುಂದುವರಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಹೆಡ್ ಗ್ಯಾಸ್ಕೆಟ್ ಒಡೆಯುತ್ತದೆ. ಆಗ ಕೂಲಂಟ್ ಸಿಲಿಂಡರಿನೊಳಕ್ಕೆ ಅಥವಾ ಎಣ್ಣೆಗೆ ಸೇರುತ್ತದೆ. ಬಿಳಿಯ ಹೊಗೆ ಮತ್ತು ಹಾಲುಬಣ್ಣಕ್ಕೆ ತಿರುಗಿದ ಎಣ್ಣೆ ಇದರ ಲಕ್ಷಣಗಳು. ಎಣ್ಣೆ ತೆಳುವಾಗಿ ಪಿಸ್ಟನ್‌ಗಳು ಕಚ್ಚಿಕೊಂಡರೆ ಎಂಜಿನ್ನನ್ನೇ ಬದಲಿಸಬೇಕಾಗುತ್ತದೆ. ಏರಿನ ನಡುವೆ ಎಂಜಿನ್ ಆರಿದರೆ, ಬ್ರೇಕ್ ಮತ್ತು ಸ್ಟಿಯರಿಂಗಿಗೆ ಎಂಜಿನ್ನಿನಿಂದ ದೊರೆಯುವ ನೆರವು ತಪ್ಪುವ ವಾಹನಗಳಲ್ಲಿ, ಹಿಂದಿರುವ ದೋಣಿಯ ಭಾರವು ಅಪಘಾತಕ್ಕೂ ಕಾರಣವಾಗಬಹುದು.