ಹುಸಿ ವೈರಸ್ ಎಚ್ಚರಿಕೆ ಮತ್ತು ಆಂಟಿವೈರಸ್ ಆಯ್ಕೆ

ಅಂತರಜಾಲದಲ್ಲಿ ಯಾವುದೋ ಪುಟವನ್ನು ನೋಡುತ್ತಿರುವಾಗ ಪರದೆಯ ಮೇಲೆ ದಿಢೀರನೆ ಮೂಡಿ, ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಇಂಥ ಸಂಖ್ಯೆಗೆ ಕರೆ ಮಾಡಬೇಕು ಅಥವಾ ಇಂಥ ತಂತ್ರಾಂಶವನ್ನು ಕೊಳ್ಳಬೇಕು ಎಂದು ಬೆದರಿಸುವ ಸುಳ್ಳು ಸೂಚನೆಯೇ ಹುಸಿ ವೈರಸ್ ಎಚ್ಚರಿಕೆ. ನೋಡುತ್ತಿರುವ ಪುಟದ ಮೇಲೆ ತಾನಾಗಿ ತೆರೆದುಕೊಳ್ಳುವ ಕಿಟಕಿಯನ್ನು ಪಾಪ್‌ಅಪ್ ಎನ್ನುವುದರಿಂದ ಇದಕ್ಕೆ ಪಾಪ್‌ಅಪ್ ವಂಚನೆ ಎಂಬ ಹೆಸರೂ ಇದೆ. ಇದು ವೈರಸ್ ಅಲ್ಲ, ವೈರಸ್ಸನ್ನು ಪತ್ತೆಹಚ್ಚಿದ ಫಲವೂ ಅಲ್ಲ. ಬ್ರೌಸರು, ಅಂದರೆ ಜಾಲತಾಣಗಳನ್ನು ತೆರೆದು ತೋರಿಸುವ ತಂತ್ರಾಂಶವು, ಬೇರೆ ಯಾವುದೇ ಪುಟದಂತೆಯೇ ತೋರಿಸುವ ಒಂದು ಜಾಲಪುಟ ಮಾತ್ರ. ಜಾಲಪುಟವೊಂದಕ್ಕೆ ಕಂಪ್ಯೂಟರಿನ ಒಳಗಿನ ಕಡತಗಳನ್ನು ತಡಕಿ ನೋಡುವ ಅಧಿಕಾರವನ್ನು ಬ್ರೌಸರು ಕೊಡುವುದಿಲ್ಲವಾದ್ದರಿಂದ, ಪರದೆಯಲ್ಲಿ ಓಡುವ ತಪಾಸಣೆಯ ಪಟ್ಟಿ, ಏರುತ್ತ ಹೋಗುವ ಶೇಕಡಾವಾರು, ಕೆಂಪಕ್ಷರದ ವೈರಸ್ ಹೆಸರುಗಳೆಲ್ಲವೂ ಮೊದಲೇ ಸಿದ್ಧಪಡಿಸಿಟ್ಟ ಚಿತ್ರಗಳಾಗಿರುತ್ತವೆ. ಇಷ್ಟು ತಿಳಿದವರ ಮೇಲೆ ಈ ವಂಚನೆಯ ಬಲ ಬಹುಮಟ್ಟಿಗೆ ನಡೆಯುವುದಿಲ್ಲ.

ಇಂಥ ಪುಟಗಳು ಬಳಕೆದಾರರನ್ನು ತಲುಪುವ ದಾರಿಗಳು ಹಲವು. ಜಾಹೀರಾತು ಜಾಲಗಳೊಳಗೆ ನುಸುಳಿದ ಕೆಟ್ಟ ಜಾಹೀರಾತು, ಒಂದಕ್ಷರ ತಪ್ಪಾಗಿ ಬೆರಳಚ್ಚಿಸಿದ ವಿಳಾಸ, ಚಲನಚಿತ್ರ ಅಥವಾ ಕ್ರಿಕೆಟ್ ಪಂದ್ಯವನ್ನು ಪುಕ್ಕಟೆ ತೋರಿಸುವುದಾಗಿ ಹೇಳುವ ತಾಣ, ತಂತ್ರಾಂಶಗಳನ್ನು ಇಳಿಸಿಕೊಳ್ಳುವ ಅನಧಿಕೃತ ತಾಣಗಳಲ್ಲಿರುವ ನಕಲಿ ‘ಡೌನ್‌ಲೋಡ್’ ಗುಂಡಿ ಇವು ಮುಖ್ಯವಾದವು. ಕನ್ನಡದಲ್ಲಿ ಬೆರಳಚ್ಚು ಮಾಡುವವರು ನುಡಿ, ಬರಹ ಮುಂತಾದ ತಂತ್ರಾಂಶಗಳನ್ನು ಅವುಗಳ ಸ್ವಂತ ತಾಣದ ಬದಲು ಹುಡುಕಾಟದಲ್ಲಿ ಮೊದಲು ಕಂಡ ಕೊಂಡಿಯಿಂದ ಇಳಿಸಿಕೊಳ್ಳಹೊರಟಾಗ ಈ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ. ಮತ್ತೊಂದು ದಾರಿಯನ್ನು ಬಳಕೆದಾರರೇ ಅರಿಯದೆ ತೆರೆದಿರುತ್ತಾರೆ: ಯಾವುದೋ ತಾಣ ‘ಅಧಿಸೂಚನೆ ಕಳಿಸಬಹುದೇ’ ಎಂದು ಕೇಳಿದಾಗ ಒಪ್ಪಿಗೆ ಒತ್ತಿದರೆ, ಆ ತಾಣವನ್ನು ಮುಚ್ಚಿದ ಬಳಿಕವೂ ಪರದೆಯ ಬಲಮೂಲೆಯಲ್ಲಿ ‘ವೈರಸ್ ಸಿಕ್ಕಿದೆ’, ‘ಆಂಟಿವೈರಸ್ ಅವಧಿ ಮುಗಿದಿದೆ’ ಎಂಬ ಚೀಟಿಗಳು ದಿನವೂ ಬರುತ್ತವೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಅಧಿಸೂಚನೆಗೆ ಅನುಮತಿ ಪಡೆದ ತಾಣಗಳ ಪಟ್ಟಿಯನ್ನು ತೆರೆದು ಆ ತಾಣವನ್ನು ತೆಗೆದುಹಾಕಿದರೆ ಇವು ನಿಲ್ಲುತ್ತವೆ. ಇದಕ್ಕಾಗಿ ಅಂಗಡಿಗೆ ಒಯ್ದು ಕಂಪ್ಯೂಟರನ್ನು ‘ಫಾರ್ಮ್ಯಾಟ್’ ಮಾಡಿಸುವ ಅಗತ್ಯವಿಲ್ಲ.

ಪುಟದ ರಚನೆಯೆಲ್ಲವೂ ನೋಡುವವರ ವಿವೇಚನೆಗೆ ಬಿಡುವು ಕೊಡದಂತೆ ಯೋಜಿತವಾಗಿರುತ್ತದೆ. ಪುಟವು ಪರದೆಯನ್ನೆಲ್ಲ ಆವರಿಸಿ ಮುಚ್ಚುವ ಗುರುತನ್ನು ಮರೆಮಾಡುತ್ತದೆ, ಸೈರನ್ ಅಥವಾ ಯಾಂತ್ರಿಕ ಧ್ವನಿ ಮೊಳಗುತ್ತದೆ, ಮೈಕ್ರೋಸಾಫ್ಟಿನ ಲಾಂಛನದ ನಕಲು ಕಾಣುತ್ತದೆ, ಜೊತೆಗೆ ಬಳಕೆದಾರರ ಐಪಿ ವಿಳಾಸ, ಅಂದರೆ ಅಂತರಜಾಲ ಸಂಪರ್ಕಕ್ಕೆ ಸೇವಾಸಂಸ್ಥೆ ಕೊಟ್ಟಿರುವ ಸಂಖ್ಯೆ, ಮತ್ತು ಊರಿನ ಹೆಸರು ಮೂಡುತ್ತವೆ. ತಮ್ಮ ಗುರುತೇ ಸಿಕ್ಕಿಬಿಟ್ಟಿತೆಂದು ಅನೇಕರು ಬೆದರುವುದು ಇಲ್ಲಿಯೇ. ಆದರೆ ಈ ವಿವರ ಯಾವುದೇ ಜಾಲತಾಣಕ್ಕೂ ಸಹಜವಾಗಿ ದೊರೆಯುವಂಥದು, ಮತ್ತು ಅದು ಸೂಚಿಸುವುದು ಸೇವಾಸಂಸ್ಥೆಯ ಕೇಂದ್ರವನ್ನಾದ್ದರಿಂದ ಶಿರಸಿಯಲ್ಲಿ ಕುಳಿತವರಿಗೆ ಬೆಂಗಳೂರಿನ ಹೆಸರು ಕಾಣುವುದೂ ಉಂಟು. ಖಚಿತ ಗುರುತು ಬೇರೊಂದಿದೆ: ತನ್ನ ನಿಜವಾದ ದೋಷಸೂಚನೆಗಳಲ್ಲಿ ದೂರವಾಣಿ ಸಂಖ್ಯೆ ಎಂದೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ.

ಕರೆ ಮಾಡಿದವರಿಗೆ ಎರಡನೆಯ ಹಂತ ಕಾದಿರುತ್ತದೆ. ಅತ್ತ ಮಾತನಾಡುವವನು ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದ, ದೂರದಿಂದ ಕಂಪ್ಯೂಟರನ್ನು ನಡೆಸಲು ನೆರವಾಗುವ ತಂತ್ರಾಂಶವನ್ನು ಹಾಕಿಸುತ್ತಾನೆ. ಈ ತಂತ್ರಾಂಶಗಳು ಸಾಚಾ ಆಗಿರುವುದರಿಂದ ಆಂಟಿವೈರಸ್ ಅವನ್ನು ತಡೆಯುವುದು ಕಡಿಮೆ. ಆಮೇಲೆ ಅವನು ವಿಂಡೋಸಿನ ‘ಈವೆಂಟ್ ವ್ಯೂವರ್’ ಎಂಬ ದಿನಚರಿ ಪಟ್ಟಿಯನ್ನು ತೆರೆದು, ಆರೋಗ್ಯವಂತ ಯಂತ್ರಗಳಲ್ಲೂ ಇದ್ದೇ ಇರುವ ಸಣ್ಣಪುಟ್ಟ ದೋಷಗಳ ಕೆಂಪು ಗುರುತುಗಳನ್ನು ವೈರಸ್ಸಿನ ಸಾಕ್ಷಿಯೆಂದು ತೋರಿಸುತ್ತಾನೆ. ದುರಸ್ತಿಯ ಶುಲ್ಕವೆಂದು ಹಣ ಕೀಳುವುದು, ಶುಲ್ಕ ಹಿಂದಿರುಗಿಸುವ ನೆಪದಲ್ಲಿ ಬ್ಯಾಂಕ್ ಖಾತೆಯನ್ನು ತೆರೆಸುವುದು, ಓಟಿಪಿ ಪಡೆಯುವುದು ಇವೆಲ್ಲ ಅಲ್ಲಿಂದ ಮುಂದಿನವು.

ಈ ಬಗೆಯ ವಂಚನೆಗೆ ಮೊದಲು ಬಳಕೆಯಾದದ್ದು ಹೆದರಿಸಿ ಮಾರುವ ನಕಲಿ ಆಂಟಿವೈರಸ್ಸುಗಳು. ವಿನ್‌ಫಿಕ್ಸರ್, ಡ್ರೈವ್‌ಕ್ಲೀನರ್ ಮುಂತಾದ ಹೆಸರಿನಲ್ಲಿ ಇವನ್ನು ಮಾರಿದ ಸಂಸ್ಥೆಗಳ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ಮೊಕದ್ದಮೆ ಹೂಡಿತು, 2012ರಲ್ಲಿ ನ್ಯಾಯಾಲಯ 16.3 ಕೋಟಿ ಡಾಲರುಗಳ ತೀರ್ಪು ನೀಡಿತು. ದೂರವಾಣಿ ಕರೆಯ ವಂಚನೆಯಲ್ಲಿ ಭಾರತದ ಪಾತ್ರ ಖೇದಕರವಾದದ್ದು. ವಿದೇಶಗಳ ವೃದ್ಧರನ್ನು ಸುಲಿಯುವ ಹಲವು ಕಾಲ್‌ಸೆಂಟರುಗಳು ಇಲ್ಲಿಂದಲೇ ನಡೆದಿವೆ. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಸೇರಿದಂತೆ ಹಲವು ಪ್ರಕರಣಗಳಲ್ಲಿ ಕೇಂದ್ರ ತನಿಖಾ ದಳವು 2023ರ ಅಕ್ಟೋಬರಿನಲ್ಲಿ ‘ಆಪರೇಷನ್ ಚಕ್ರ-2’ ಎಂಬ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು.

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷ ಪ್ರಸ್ತುತತೆಯಿದೆ. ಸಿದ್ದಾಪುರ ತಾಲೂಕಿನ ಕೋಲಸಿರ್ಸಿಯಂಥ ಊರುಗಳಲ್ಲಿ ಮನೆಗಳು ತೋಟದ ಅಂಚಿನಲ್ಲಿ ದೂರದೂರವಾಗಿರುತ್ತವೆ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿ, ಅವರು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ಹಿರಿಯರು ವಿಡಿಯೋ ಕರೆ ಮಾಡುವ, ಪಹಣಿ ತೆಗೆಯುವ, ಅಡಿಕೆಯ ಧಾರಣೆ ನೋಡುವ ಮನೆಗಳು ಸಾಕಷ್ಟಿವೆ. ಪರದೆಯ ಮೇಲಿನ ಬೆದರಿಕೆ ಇಂಗ್ಲಿಷಿನಲ್ಲಿರುತ್ತದೆ, ಕೇಳಿ ತಿಳಿಯಲು ಪಕ್ಕದಲ್ಲಿ ಬಲ್ಲವರಿರುವುದಿಲ್ಲ, ಕಂಪ್ಯೂಟರ್ ಅಂಗಡಿ ಇರುವುದು ಪೇಟೆಯಲ್ಲಿ. ಇಂಥ ಒಂಟಿತನವೇ ವಂಚಕನಿಗೆ ಅನುಕೂಲ. ಗ್ರಾಮ ಒನ್ ಕೇಂದ್ರ, ಸಹಕಾರ ಸಂಘದ ಕಚೇರಿ, ಜೆರಾಕ್ಸ್ ಅಂಗಡಿಗಳಲ್ಲಿ ಒಂದೇ ಯಂತ್ರದಲ್ಲಿ ಹಲವರ ಆಧಾರ್ ಪ್ರತಿ ಮತ್ತು ಖಾತೆಯ ವಿವರಗಳಿರುವುದರಿಂದ ಅಲ್ಲಿ ದೂರನಿಯಂತ್ರಣಕ್ಕೆ ಅವಕಾಶ ಕೊಟ್ಟರೆ ಆಗುವ ಹಾನಿ ಇನ್ನೂ ದೊಡ್ಡದು.

ಎಚ್ಚರಿಕೆ ಮೂಡಿದಾಗ ಮಾಡಬೇಕಾದದ್ದು ಸರಳ. ಪುಟದೊಳಗಿನ ಯಾವ ಗುಂಡಿಯನ್ನೂ, ‘ಬೇಡ’ ಅಥವಾ ‘ಮುಚ್ಚು’ ಎಂದಿರುವುದನ್ನೂ ಒತ್ತಬಾರದು, ಏಕೆಂದರೆ ಆ ಗುಂಡಿ ಏನು ಮಾಡಬೇಕೆಂಬುದನ್ನು ನಿರ್ಧರಿಸಿದವನು ವಂಚಕನೇ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿಹಿಡಿದರೆ ಪೂರ್ಣಪರದೆಯ ಸ್ಥಿತಿ ಬಿಡುತ್ತದೆ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿದರೆ ಕಿಟಕಿ ಮುಚ್ಚುತ್ತದೆ. ಅದೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ನಿಲ್ಲಿಸಬೇಕು. ಮತ್ತೆ ಬ್ರೌಸರ್ ತೆರೆದಾಗ ಹಿಂದಿನ ಪುಟಗಳನ್ನು ತೆರೆಯಲೇ ಎಂದು ಅದು ಕೇಳಿದರೆ ಒಪ್ಪಬಾರದು. ಆಮೇಲೆ ಯಂತ್ರದಲ್ಲಿರುವ ಆಂಟಿವೈರಸ್ಸನ್ನು ಸ್ವತಃ ತೆರೆದು ಒಮ್ಮೆ ಪೂರ್ಣ ತಪಾಸಣೆ ನಡೆಸಿದರೆ ಸಾಕು. ದೂರನಿಯಂತ್ರಣಕ್ಕೆ ಅವಕಾಶ ಕೊಟ್ಟಾಗಿದ್ದರೆ ಮಾತ್ರ ಕ್ರಮ ಬೇರೆ: ಮೊದಲು ಅಂತರಜಾಲದ ಸಂಪರ್ಕವನ್ನು ಕಿತ್ತು, ಆ ತಂತ್ರಾಂಶವನ್ನು ತೆಗೆದು, ಬೇರೊಂದು ಸಾಧನದಿಂದ ಬ್ಯಾಂಕ್ ಹಾಗೂ ಇಮೇಲ್ ಗುಪ್ತಪದಗಳನ್ನು ಬದಲಿಸಿ, ಬ್ಯಾಂಕಿಗೆ ತಿಳಿಸಬೇಕು.

ಆಂಟಿವೈರಸ್ ಎಂದರೆ ಕೇಡಿನ ತಂತ್ರಾಂಶಗಳನ್ನು ಗುರುತಿಸಿ ತಡೆಯುವ ತಂತ್ರಾಂಶ. ಅದು ತಿಳಿದಿರುವ ವೈರಸ್ಸುಗಳ ಗುರುತುಪಟ್ಟಿಯೊಂದಿಗೆ ಕಡತಗಳನ್ನು ಹೋಲಿಸುತ್ತದೆ, ಪಟ್ಟಿಯಲ್ಲಿಲ್ಲದ ಹೊಸವನ್ನು ಅವುಗಳ ನಡವಳಿಕೆಯಿಂದ ಅನುಮಾನಿಸುತ್ತದೆ. ಕೀಲಿಮಣೆಯ ಒತ್ತುಗಳನ್ನು ಹಿಡಿದು ಕನ್ನಡಕ್ಕೆ ಬದಲಿಸುವ ನಿರುಪದ್ರವಿ ತಂತ್ರಾಂಶವನ್ನೂ ಅದು ಕೆಲವೊಮ್ಮೆ ಅನುಮಾನಿಸಲು ಈ ಎರಡನೆಯ ವಿಧಾನವೇ ಕಾರಣ. ಭಾರತದಲ್ಲಿ ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7, ಮುಂಬಯಿಯ ಇಸ್ಕ್ಯಾನ್ ಹಳೆಯ ಹೆಸರುಗಳು. ವಿಂಡೋಸಿನಲ್ಲಿ ಆಂಟಿವೈರಸ್ ಒಳಗೇ ಬರತೊಡಗಿದ್ದು 2012ರ ವಿಂಡೋಸ್ 8ರಿಂದ. ಈಗ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಹೆಸರಿನ ಇದು, ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೇಟಿವ್ಸ್ ಎಂಬ ಸ್ವತಂತ್ರ ಪ್ರಯೋಗಾಲಯಗಳ ಪರೀಕ್ಷೆಗಳಲ್ಲಿ ಹಣ ಕೊಟ್ಟು ಕೊಳ್ಳುವ ಹಲವು ತಂತ್ರಾಂಶಗಳಿಗೆ ಸರಿಸಾಟಿಯಾಗಿ ನಿಂತಿದೆ. ಆದ್ದರಿಂದ ಮನೆಬಳಕೆಯ ವಿಂಡೋಸ್ ಯಂತ್ರಕ್ಕೆ, ನವೀಕರಣಗಳು ತಪ್ಪದೆ ಆಗುತ್ತಿದ್ದರೆ, ಬೇರೆ ಆಂಟಿವೈರಸ್ ಕೊಳ್ಳಬೇಕಾದ ಅನಿವಾರ್ಯತೆ ಇಲ್ಲ. ಹಲವರು ಬಳಸುವ, ಪೆನ್‌ಡ್ರೈವುಗಳು ಬಂದುಹೋಗುವ ಅಂಗಡಿ ಮತ್ತು ಕಚೇರಿಗಳಲ್ಲಿ, ಸಮಸ್ಯೆ ಬಂದಾಗ ಕರೆದು ಕೇಳಲು ಒಬ್ಬರು ಬೇಕೆನ್ನುವಲ್ಲಿ, ಹಣ ಕೊಟ್ಟು ಕೊಳ್ಳುವುದು ಸಮರ್ಥನೀಯ.

ಕೊಳ್ಳುವಾಗ ಪಾಪ್‌ಅಪ್ ತೋರಿಸಿದ ಕೊಂಡಿಯಿಂದ ಕೊಳ್ಳದೆ ತಯಾರಕರ ತಾಣದಿಂದ ಅಥವಾ ಪರಿಚಿತ ಅಂಗಡಿಯಿಂದ ಕೊಳ್ಳಬೇಕು, ಅವಧಿ ಮುಗಿದಾಗ ತಾನಾಗಿ ಹಣ ಕಡಿತವಾಗುವ ಷರತ್ತಿದೆಯೇ ಎಂದು ನೋಡಬೇಕು, ಒಂದು ಯಂತ್ರದಲ್ಲಿ ಸದಾ ಕಾವಲಿರುವ ಆಂಟಿವೈರಸ್ ಒಂದೇ ಇರಬೇಕು. ಎರಡಿದ್ದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬಂದು ಯಂತ್ರ ನಿಧಾನವಾಗುತ್ತದೆ. ಪುಕ್ಕಟೆ ಕೊಡುವವರ ಲಾಭದ ಮೂಲವನ್ನೂ ವಿಚಾರಿಸಬೇಕಾಗುತ್ತದೆ: ಬಳಕೆದಾರರ ಜಾಲಸಂಚಾರದ ಮಾಹಿತಿಯನ್ನು ಮಾರಿದ ಆರೋಪದ ಮೇಲೆ 2024ರಲ್ಲಿ ಅವಾಸ್ಟ್ ಸಂಸ್ಥೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ 1.65 ಕೋಟಿ ಡಾಲರ್ ತೆರಬೇಕಾಯಿತು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ವೈರಸ್ ತೆಗೆಯುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಯಾವ ಆಂಟಿವೈರಸ್ಸೂ ಹಳತಾದ ವಿಂಡೋಸಿನ ಕೊರತೆಯನ್ನು ತುಂಬಲಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಸ್ತರಿತ ಸುರಕ್ಷತಾ ನವೀಕರಣಕ್ಕೆ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚಿನ ಅವಧಿಯನ್ನು ಮೈಕ್ರೋಸಾಫ್ಟ್ ಘೋಷಿಸಿತು.

ಹಣ ಕಳೆದುಕೊಂಡವರು ಮೊದಲು ಕರೆಯಬೇಕಾದದ್ದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ನ್ನು. ವರದಿ ಬೇಗ ತಲುಪಿದಷ್ಟೂ ಹಣ ಮುಂದಿನ ಖಾತೆಗಳಿಗೆ ಸಾಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗ್ರಾಹಕರೇ ಓಟಿಪಿ ಕೊಟ್ಟು ಆದ ನಷ್ಟದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ಭಾಗ ಗ್ರಾಹಕರದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂಬ ತತ್ತ್ವವನ್ನು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸಿತು. ಉತ್ತರ ಕನ್ನಡ ಜಿಲ್ಲೆಯ ಸೈಬರ್ ಅಪರಾಧಗಳನ್ನು ನೋಡುವ ಪೊಲೀಸ್ ಠಾಣೆ ಕಾರವಾರದಲ್ಲಿದೆ. ಆದರೆ ಶಿರಸಿ, ಸಿದ್ದಾಪುರದವರು ದೂರು ಕೊಡಲು ಘಟ್ಟ ಇಳಿದು ಅಷ್ಟು ದೂರ ಹೋಗಬೇಕಾಗಿಲ್ಲ, ಏಕೆಂದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಕಂಪ್ಯೂಟರ್ ಮೂಲಕ ಬೇರೊಬ್ಬರ ಸೋಗು ಹಾಕಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡವಿದೆ. ಹಣ ಹೋಗದಿದ್ದವರೂ ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಅದರಲ್ಲಿದ್ದ ದೂರವಾಣಿ ಸಂಖ್ಯೆಯನ್ನೂ ಜಾಲವಿಳಾಸವನ್ನೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದಾಖಲಿಸಬೇಕು.