ದೀರ್ಘಕಾಲಿಕ ಆಯಾಸ ಲಕ್ಷಣಕೂಟ: ಚಿಕಿತ್ಸೆಗಿರುವ ಅಡೆತಡೆಗಳು

ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಎಂಬ ನಾಮಾಂತರವುಳ್ಳ ಈ ವ್ಯಾಧಿಯಲ್ಲಿ ಅಲ್ಪ ಶ್ರಮವೂ ಒಂದೆರಡು ದಿನಗಳ ತರುವಾಯ ರೋಗವನ್ನು ಉಲ್ಬಣಗೊಳಿಸಬಲ್ಲುದಾದುದರಿಂದ, ವೈದ್ಯರ ಬಳಿಗೆ ಹೋಗುವ ಪ್ರಯಾಣವೇ ರೋಗಿಗೆ ಮೊದಲ ವಿಘ್ನವಾಗುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ, ಕಣ್ಣು ಕುಕ್ಕುವ ದೀಪಗಳ ಕೆಳಗೆ, ಗದ್ದಲದ ನಡುವೆ ಸರದಿಗಾಗಿ ಕಾದು, ಕಡೆಗೆ ಹೇಳಬೇಕಾದುದಕ್ಕೆ ಮಾತೇ ತೋಚದೆ ಮರಳಿದವರು ವಾರಗಟ್ಟಲೆ ಹಾಸಿಗೆ ಹಿಡಿಯುವುದುಂಟು. ವೈದ್ಯರಿಗಾದರೋ ಅಂದು ಕಂಡದ್ದು, ರಕ್ತಪರೀಕ್ಷೆಯಲ್ಲಿ ದೋಷವಿಲ್ಲದ, ತಾನಾಗಿ ನಡೆದು ಬಂದ ವ್ಯಕ್ತಿಯನ್ನಷ್ಟೆ. ರೋಗವನ್ನು ನಿಶ್ಚಯಿಸುವ ಸರ್ವಮಾನ್ಯ ಪ್ರಯೋಗಾಲಯ ಪರೀಕ್ಷೆಯಿಲ್ಲ. ಅಮೆರಿಕದಲ್ಲಿ ಶೇಕಡಾ 84ರಿಂದ 91ರಷ್ಟು ರೋಗಿಗಳಿಗೆ ರೋಗನಿರ್ಣಯವೇ ಆಗಿಲ್ಲವೆಂಬ ಅಂದಾಜನ್ನು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಮುಂದಿಟ್ಟಿತು.

ಇದಕ್ಕಿಂತ ದುಸ್ತರವಾದುದು ಅವಿಶ್ವಾಸ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹಬ್ಬಿದ ಇಂಥ ಕಾಯಿಲೆಯನ್ನು, 1970ರಲ್ಲಿ ಮೆಕ್‌ಎವೆಡಿ ಮತ್ತು ಬಿಯರ್ಡ್ ಎಂಬ ಮನೋವೈದ್ಯರು ರೋಗಿಗಳನ್ನು ಪರೀಕ್ಷಿಸದೆ, ಕೇವಲ ಕಡತಗಳ ಆಧಾರದಿಂದ ಸಾಮೂಹಿಕ ಹಿಸ್ಟೀರಿಯವೆಂದು ವಾದಿಸಿದರು. ಆ ಕಳಂಕವು ದಶಕಗಳವರೆಗೆ ಅಳಿಯದೆ, ರೋಗಿಯ ಮಾತನ್ನು ಸಂಶಯದಿಂದಲೇ ಕೇಳುವ ಅಭ್ಯಾಸಕ್ಕೆ ಪುಷ್ಟಿಯೊದಗಿಸಿದ್ದು ಅತ್ಯಂತ ಖೇದಕರ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯು 2007ರ ಮಾರ್ಗಸೂಚಿಯಲ್ಲಿ, ಕ್ರಮಕ್ರಮವಾಗಿ ಹೆಚ್ಚಿಸುವ ವ್ಯಾಯಾಮವನ್ನು ಸೌಮ್ಯ ಹಾಗೂ ಮಧ್ಯಮ ತೀವ್ರತೆಯ ರೋಗಿಗಳಿಗೆ ಶಿಫಾರಸು ಮಾಡಿ, ಅದರಿಂದ ತಮಗೆ ಹಾನಿಯಾಯಿತೆಂದು ಅನೇಕರು ಮೊರೆಯಿಟ್ಟ ಬಳಿಕ, 2021ರಲ್ಲಿ ಅದನ್ನು ಕೈಬಿಟ್ಟಿತು.

ಬೆಳಕು, ಸದ್ದು, ಸ್ಪರ್ಶಗಳನ್ನೂ ಸಹಿಸಲಾರದ ತೀವ್ರ ರೋಗಿಗಳ ಸ್ಥಿತಿ ಇನ್ನೂ ದಾರುಣವಾದುದು. ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಈ ರೋಗದಿಂದ ಬಳಲಿ 2021ರಲ್ಲಿ ಮೃತಳಾದ ತರುಣಿಯೊಬ್ಬಳ ಮರಣವಿಚಾರಣೆಯನ್ನು ನಡೆಸಿದ ಅಧಿಕಾರಿಣಿಯು, ಇಂಥವರಿಗಾಗಿ ಇಂಗ್ಲೆಂಡಿನಲ್ಲಿ ವಿಶೇಷ ಹಾಸಿಗೆಗಳೇ ಇಲ್ಲವೆಂಬುದನ್ನು 2024ರ ವರದಿಯಲ್ಲಿ ಸರ್ಕಾರದ ಗಮನಕ್ಕೆ ತಂದರು.