ಬಳ್ಳಾರಿಯ ಅಚ್ಚುಮೊಳೆ ಮತ್ತು ನನ್ನ ಕಿತ್ತುಹೋದ ಒತ್ತಕ್ಷರ

1/5
ಹೋದ ತಿಂಗಳು, ರಾತ್ರಿ ಎಂಟೂವರೆ, ಕೌಲ್ ಬಜಾರ್‌ನ ಒಂದು ಜೆರಾಕ್ಸ್ ಅಂಗಡಿ. ನಮ್ಮ ಏರಿಯಾದ ಜೀನ್ಸ್ ಹೊಲಿಗೆ ಘಟಕಗಳ ಖರ್ಚು-ಲಾಭದ ಮೇಲೆ ಕನ್ನಡದಲ್ಲೇ ಬರೆದ ಪ್ರಾಜೆಕ್ಟ್ ರಿಪೋರ್ಟ್, 42 ಪುಟ. ಮರುದಿನ ಸಬ್ಮಿಷನ್. ಪೆನ್‌ಡ್ರೈವ್ ಹಾಕಿ ಫೈಲ್ ತೆಗೆದ್ರೆ ಒತ್ತಕ್ಷರಗಳೆಲ್ಲ ಕಿತ್ತುಕೊಂಡು ಪಕ್ಕಕ್ಕೆ ಬಂದು ಕೂತಿವೆ. "ವೆಚ್ಚ" ಅನ್ನೋ ಪದ ಒಂದು ಕಡೆನೂ ಸರಿ ಇಲ್ಲ. ಕಾಸ್ಟಿಂಗ್ ರಿಪೋರ್ಟಲ್ಲಿ ವೆಚ್ಚನೇ ಇಲ್ಲ ಅಂದ್ರೆ ಏನ್ ಉಳೀತು?

ಅಂಗಡಿ ಅಣ್ಣ ಹೇಳಿದ್ದು ಇಷ್ಟೇ: "ಕನ್ನಡ ಅಂದ್ರೆ ಹಿಂಗೇ ತಮ್ಮಾ. ಇಂಗ್ಲಿಷ್‌ನಾಗ ಮಾಡಿದ್ರೆ ಈ ತಲೆನೋವೇ ಇರಲ್ಲ."

ಆ ಮಾತು ಚುಚ್ಚಿತು. ನಿಜಾನಾ ಅಂತ ಹುಡುಕ್ತಾ ಹೋದೆ. ಹುಡುಕಾಟ ತಿರುಗಿ ನಮ್ಮೂರಿಗೇ ಬಂದು ನಿಂತಿತು.

2/5
ಕನ್ನಡದ ಮೊದಲ ಪತ್ರಿಕೆ ಯಾವುದು? ಮಂಗಳೂರು ಸಮಾಚಾರ, 1843 ಜುಲೈ 1, ಸಂಪಾದಕ ಹರ್ಮನ್ ಮೋಗ್ಲಿಂಗ್. ಇದು ಎಲ್ಲರಿಗೂ ಗೊತ್ತು, ಕ್ವಿಜ್ ಪ್ರಶ್ನೆ. ಆ ದಿನವನ್ನೇ ನಾವು ಪತ್ರಿಕಾ ದಿನ ಅಂತ ಆಚರಿಸ್ತೀವಿ.

ಕ್ವಿಜ್‌ನಲ್ಲಿ ಕೇಳದೇ ಇರೋ ವಿಷಯ ಬೇರೆ ಇದೆ. ಅದು ಕಲ್ಲಚ್ಚಿನ ಪತ್ರಿಕೆ. ಇಡೀ ಪುಟವನ್ನು ಕೈಯಲ್ಲಿ ಬರೆದು, ಕಲ್ಲಿನ ಮೇಲೆ ಮೂಡಿಸಿ, ಅದರಿಂದ ಪ್ರತಿ ತೆಗೆಯೋದು. ಇವತ್ತಿನ ಲೆಕ್ಕದಲ್ಲಿ ಸ್ಕ್ರೀನ್‌ಶಾಟ್ ಇದ್ದ ಹಾಗೆ. ಒತ್ತಕ್ಷರ ಚೆಂದ ಬರುತ್ತೆ, ಯಾಕಂದ್ರೆ ಕೈಬರಹ. ಆದರೆ ಒಳಗಿನ ಒಂದು ಅಕ್ಷರ ತೆಗೆದು ಇನ್ನೊಂದು ಪುಟಕ್ಕೆ ಬಳಸೋಕೆ ಆಗಲ್ಲ.

3/5
1844ರಲ್ಲಿ ಆ ಪತ್ರಿಕೆ ಬಳ್ಳಾರಿಗೆ ಬಂತು, ಹೆಸರು "ಕನ್ನಡ ಸಮಾಚಾರ" ಆಯ್ತು. ಯಾಕೆ ಬಳ್ಳಾರಿ? ಇಲ್ಲಿ ಅಚ್ಚುಮೊಳೆಯ ಮುದ್ರಣಾಲಯ ಇತ್ತು! ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೂತಿದ್ದವರು. ಅದನ್ನು ಅಚ್ಚು ಹಾಕೋ ಅವಶ್ಯಕತೆ ಅವರಿಗೆ ಮೊದಲೇ ಇತ್ತು.

ಮೊಳೆ ಜೋಡಿಸೋದು ಸುಲಭದ ಕೆಲಸ ಅಂದ್ಕೋಬೇಡಿ. ಇಂಗ್ಲಿಷ್‌ಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿ 52. ನಮಗೆ ಕ ಬೇರೆ ಮೊಳೆ, ಕಿ ಬೇರೆ ಮೊಳೆ, ಅದರ ಒತ್ತು ಮತ್ತೊಂದು. "ರಾಷ್ಟ್ರ" ಅಂತ ಬಂದ್ರೆ ಷ ಕೆಳಗೆ ಎರಡು ಒತ್ತು ಕೂರಬೇಕು, ಅದು ಕೆಳಗಿನ ಸಾಲಿಗೆ ತಾಗಬಾರದು. ಅದಕ್ಕೇ ಸಾಲುಗಳ ಮಧ್ಯೆ ಜಾಗ ಬಿಡಬೇಕು. ಇದನ್ನೆಲ್ಲ ಕರೆಂಟೇ ಇಲ್ಲದ ಕಾಲದಲ್ಲಿ, ಉಲ್ಟಾ ಅಕ್ಷರ ನೋಡ್ಕೊಂಡು, ಕೈಯಲ್ಲಿ ಮಾಡಿದ್ದಾರೆ. ಅವರಲ್ಲಿ ಯಾರೂ "ಕನ್ನಡ ಅಂದ್ರೆ ಹಿಂಗೇ" ಅಂತ ಕೈಚೆಲ್ಲಿದ್ರೆ ನಮ್ಮೂರಿಂದ ಪತ್ರಿಕೆ ಬರ್ತಾನೇ ಇರಲಿಲ್ಲ.

4/5
ಈಗ ನೂರಮೂವತ್ತು ವರ್ಷ ಜಂಪ್. 1977, ಅಮೆರಿಕ. ಡೊನಾಲ್ಡ್ ಕ್ನೂತ್ ಅನ್ನೋ ಕಂಪ್ಯೂಟರ್ ಪ್ರೊಫೆಸರ್‌ಗೆ ತನ್ನದೇ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ನೋಡಿ ಬೇಜಾರಾಯ್ತು. ಹಳೇ ಮೊಳೆ ಅಚ್ಚಿನ ಅಂದ ಇಲ್ಲ. (ನನ್ನ ಕಷ್ಟವೇ, ಜಾಗ ಬೇರೆ.) ತಾನೇ ಒಂದು ವ್ಯವಸ್ಥೆ ಬರೆದರು, ಅದೇ ಟೆಕ್. ಬೇಗ ಮುಗಿಯುತ್ತೆ ಅಂದ್ಕೊಂಡಿದ್ದು ಸುಮಾರು ಹತ್ತು ವರ್ಷ ಹಿಡೀತು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದು ಲೇಟೆಕ್.

ಇದು ಮಾರ್ಕಪ್ ಪದ್ಧತಿ. ಅಚ್ಚುಕೂಟದ ಕಾಲದಲ್ಲಿ ಸಂಪಾದಕರು ಹಸ್ತಪ್ರತಿಯ ಅಂಚಲ್ಲಿ "ಇದು ದಪ್ಪಕ್ಷರ, ಇಲ್ಲಿ ಹೊಸ ಪ್ಯಾರಾ" ಅಂತ ಗುರುತು ಹಾಕಿ ಮೊಳೆ ಜೋಡಿಸುವವರಿಗೆ ಕೊಡ್ತಿದ್ರು. ಲೇಟೆಕ್‌ನಲ್ಲೂ ಅಷ್ಟೇ: ನೀನು ಗುರುತು ಹಾಕು, ಜೋಡಿಸೋ ಕೆಲಸ ಕಂಪ್ಯೂಟರ್‌ದು.

5/5
ಮೂರು ರಾತ್ರಿ ಕೂತು ಕಲಿತದ್ದು. (ಸಬ್ಮಿಷನ್‌ಗೆ ಒಂದು ವಾರ ಟೈಮ್ ಸಿಕ್ತು, ಹೇಗೆ ಅಂತ ಕೇಳ್ಬೇಡಿ.)

ಸುಮ್ನೆ ಓಪನ್ ಮಾಡಿದ್ರೆ ಅದು ಪಿಡಿಎಫ್‌ಲೇಟೆಕ್‌ನಲ್ಲಿ ಓಡುತ್ತೆ, ಕನ್ನಡ ಬರಲ್ಲ. ಸೆಟ್ಟಿಂಗ್ಸ್‌ನಲ್ಲಿ ಝೀಲೇಟೆಕ್ ಆರಿಸಿ, ಅದು ಯೂನಿಕೋಡ್ ಓದುತ್ತೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ. ನನ್ನ ಫೈಲ್ ಒಡೆದಿದ್ದೇ ಇಲ್ಲಿ: ಆ ಫಾಂಟ್ ಅಂಗಡಿ ಕಂಪ್ಯೂಟರ್‌ನಲ್ಲಿ ಇರಲಿಲ್ಲ. ಅಂದ್ರೆ ತಪ್ಪು ಕನ್ನಡದ್ದಲ್ಲ, ಅಣ್ಣಂದೂ ಅಲ್ಲ, ನನ್ನದು. ಪಿಡಿಎಫ್ ಮಾಡ್ಕೊಂಡು ಹೋಗಿದ್ರೆ ಮುಗೀತಿತ್ತು.

ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕುವಾಗ ಜೊತೆಗೆ "ಸ್ಕ್ರಿಪ್ಟ್ ಅಂದ್ರೆ ಕನ್ನಡ" ಅನ್ನೋ ಆಯ್ಕೆಯನ್ನೂ ಬರೀಲೇಬೇಕು. ಅದನ್ನ ಮರೆತ್ರೆ ಮತ್ತೆ ಅದೇ ಕಥೆ, ಒತ್ತು ಪಕ್ಕಕ್ಕೆ ಬಂದು ಕೂರುತ್ತೆ. ಇಂಗ್ಲಿಷ್ ಅಳತೆಯ ಸಾಲಿನ ಅಂತರ ನಮಗೆ ಸಾಲಲ್ಲ, ಸ್ವಲ್ಪ ಹೆಚ್ಚಿಸಿ. ಇಟಾಲಿಕ್ ಬೇಡವೇ ಬೇಡ, ವಾಲಿದ ಕನ್ನಡ ನೋಡೋಕಾಗಲ್ಲ. ಒತ್ತು ಕೊಡಬೇಕಾದ್ರೆ ದಪ್ಪಕ್ಷರ ಸಾಕು.

ಕೊನೇ ಫೋಟೋ ಸ್ವೈಪ್ ಮಾಡಿ, ಪುಟ 17. "ಒಟ್ಟು ವೆಚ್ಚ", ಒತ್ತು ಸಮೇತ. ಅದೇ ಅಂಗಡಿಯಲ್ಲೇ ಪ್ರಿಂಟ್ ತೆಗೆಸಿದೆ. ಅಣ್ಣ ಹಾಳೆ ತಿರುಗಿಸಿ ನೋಡಿ, "ಇದು ಯಾವ ಸಾಫ್ಟ್‌ವೇರ್ ತಮ್ಮಾ?" ಅಂದ.

ಫೈಲ್ ಬೇಕಾದವರು ಡಿಎಂ ಮಾಡಿ. ಬ್ಯಾಲೆನ್ಸ್ ಶೀಟ್ ಟೇಬಲ್ ಬಗ್ಗೆ ಮಾತ್ರ ಈಗಲೇ ಕೇಳ್ಬೇಡಿ, ಅದರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ.